ಊರಿಲ್ಲದ ಸಾಲು

“ಯಕ್ಕಾ, ಇದ್ದದ್ದು ಹುಡುಕಾಕ ಎಲ್ಲಾರಿಗೂ ಬರ್ತದ. ‘ದೇವದುರ್ಗ’ ಅಂತ ಹಾಕಿದ್ರ ಇದ್ದಲ್ಲೆಲ್ಲ ಬಣ್ಣ ಬೀಳ್ತದ. ಯಾವ ಸಾಲಿನ್ಯಾಗ ಊರ ಹೆಸರೇ ಇಲ್ಲ, ಅದನ್ನ ಹೆಂಗ ಹುಡುಕ್ತಿ?”

ಗೋಡೆ ಆಚೆ ತೊಗರಿಬ್ಯಾಳಿ ಹಸನ ಮಾಡಾಕತ್ತಿದ್ದ ಅಕ್ಕ ತಲಿ ಎತ್ತಿದಳು. “ಯಾರ ಪಟ್ಟಿ ತಮ್ಮಾ ಅದು?”

“ರಾಯಚೂರು ಮಾರ್ಕೆಟ್ಟಿಗೆ ಹತ್ತಿ ತಂದ ರೈತರದು. ಸಾಲಿಗೊಬ್ಬರು. ತಾಲ್ಲೂಕು ಬರೀದಿದ್ರ ಅವರ ರೊಕ್ಕ ತಡ ಆಗ್ತದ.”

“ಅಯ್ಯ, ಹಂಗಾಗಬಾರದು. ಹೆಂಗ ಹುಡುಕ್ತಿ ಮತ್ತ?”

“ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ್ಯಾಗ ಹುಡುಕೋ ಕಿಟಕಿ ತೆಗೆದು, ರೆಗ್ಯುಲರ್ ಎಕ್ಸ್‌ಪ್ರೆಷನ್ ಆರಿಸಿ, ಹಿಂಗ ಬರೀಬೇಕು:

^(?!.*(ಮಾನ್ವಿ|ದೇವದುರ್ಗ|ರಾಯಚೂರು)).+$”

“ಏನಪಾ ಇಷ್ಟು ಚುಕ್ಕಿ, ಗೀಟು!”

“^ ಅಂದ್ರ ಸಾಲಿನ ಶುರು, $ ಅಂದ್ರ ಕೊನಿ. ಆ ?! ಐತಲ್ಲ, ಅದು ನೀ ಗೋಡಿ ದಾಟದ ನಮ್ಮ ಅಂಗಳ ಇಣುಕಿದಂಗ. ನಿಂತಲ್ಲೇ ನಿಂತು ಮುಂದ ನೋಡ್ತದ. ಮೂರರಾಗ ಒಂದು ಹೆಸರು ಕಂಡ್ರೂ ಆ ಸಾಲು ಬಿಡ್ತದ. ಒಂದೂ ಕಾಣದಿದ್ರ .+ ಪೂರಾ ಸಾಲು ಹಿಡೀತದ. ^ ಬಿಟ್ಟಿ ಅಂದ್ರ ಕೆಟ್ಟಿತು. ಊರ ಹೆಸರಿನ ಮೊದಲಕ್ಷರ ದಾಟಿ ನಿಂತು ನೋಡ್ತದ, ಹೆಸರು ಇದ್ದ ಸಾಲಿಗೂ ಇಲ್ಲ ಅಂತದ.”

ಲಿನಕ್ಸ್‌ನ ಗ್ರೆಪ್‌ಗೆ ಇಷ್ಟು ತ್ರಾಸಿಲ್ಲ, ‘ವಿ’ ಅನ್ನೋ ಗುರುತು ಕೊಟ್ಟರೆ ಹೊಂದದ ಸಾಲಷ್ಟೇ ಉದುರಿಸುತ್ತದೆ. ಅದನ್ನೂ ಹೇಳಿದೆ. ಅಕ್ಕನಿಗೆ ಬೇಕಾದದ್ದು ರೈತರ ಸುದ್ದಿ.

“ಎಷ್ಟು ಮಂದಿ ಸಿಕ್ಕರು?”

“ಭಾಳ ಮಂದಿ. ನೋಡಿದ್ರ, ಕೆಲವರದು ಊರು ಐತಿ, ‘ಮಾನವಿ’ ಅಂತ ಬರದಾರ.”

“ನಮ್ಮಪ್ಪನೂ ಹಂಗೇ ಬರೀತಿದ್ದ. ತಪ್ಪೇನದ?”

“ತಪ್ಪಿಲ್ಲಕ್ಕ. ನಾ ಒಂದೇ ಬರದಿದ್ದೆ, ಎರಡೂ ಸೇರಿಸಿದೆ. ಸಿರವಾರನೂ ಹಾಕಿದೆ. ಮೊದಲು ಮಾನ್ವಿ ತಾಲ್ಲೂಕಿನ್ಯಾಗಿತ್ತು, ಈಗ ತಾನೇ ತಾಲ್ಲೂಕು. ಇನ್ನೊಂದಿಷ್ಟು ಸಾಲು ಹಳೇ ನುಡಿ ಫಾಂಟಿನವು. ಕಣ್ಣಿಗೆ ಕನ್ನಡ, ಒಳಗ ಬ್ಯಾರೆ ಸಂಕೇತ. ‘ದೇವದುರ್ಗ’ ಕಣ್ಣಿಗೆ ಕಂಡ್ರೂ ಎಡಿಟರಿಗೆ ಸಿಗಂಗಿಲ್ಲ. ಮೊದಲು ಯೂನಿಕೋಡ್‌ಗೆ ತಂದೆ, ಆಮ್ಯಾಲೆ ಹುಡುಕಿದೆ.”

“ಹಂಗಾರ ಖರೇನ ಊರಿಲ್ಲದವು?”

“ಸ್ವಲ್ಪೇ ಉಳಿದವು. ಇದೊಂದರಾಗ ಬರೇ ಗಬ್ಬೂರು ಅಂತ ಐತಿ.”

“ಗಬ್ಬೂರು ದೇವದುರ್ಗ ತಾಲ್ಲೂಕಪಾ. ಬರಕೋ. ಮುಂದಿಂದು?”

“ಹಳ್ಳೀನೂ ಇಲ್ಲ, ತಾಲ್ಲೂಕೂ ಇಲ್ಲ. ಬರೇ ಹೆಸರು, ತೂಕ, ಫೋನ್ ನಂಬರು.”

“ಹಚ್ಚು ಮತ್ತ ಫೋನು. ಹೊತ್ತು ಮುಳುಗೇದ, ಹೊಲದಿಂದ ಬಂದಿರ್ತಾರ.”