ಓನರ್ ಅಂಕಲ್ ಪಂಚಾಂಗ

ಬೆಂಗಳೂರಿನ 30-40 ಸೈಟಿನಲ್ಲಿ ಮನೆ ಕಟ್ಟಿ, ಕೆಳಗೆ ತಾವಿದ್ದು, ಮೇಲಿನದನ್ನು ಬಾಡಿಗೆಗೆ ಬಿಟ್ಟಿರುವ ಹಿರಿಯರೊಬ್ಬರು ಪ್ರತಿ ಕ್ರಾಸಿನಲ್ಲೂ ಸಿಗುತ್ತಾರೆ. ಅವರ ಹೆಸರು ಬೆಸ್ಕಾಂ ಬಿಲ್ಲಿನಲ್ಲಿ ಇರುತ್ತದೆ, ಬಾಯಲ್ಲಿ ಎಲ್ಲರಿಗೂ ಓನರ್ ಅಂಕಲ್. ರಿಟೈರಾಗಿದ್ದಾರೆ. ಸಂಪು ತುಂಬಿತೇ ಎಂದು ದಿನಕ್ಕೆ ನಾಲ್ಕಾರು ಸಲ ಮುಚ್ಚಳ ಎತ್ತಿ ನೋಡುವುದೇ ಈಗಿನ ಉದ್ಯೋಗ. ಕೆಟ್ಟವರಲ್ಲ. ಮೇಲಿನ ಮನೆಯ ಮಗುವಿಗೆ ರಾತ್ರಿ ಜ್ವರ ಬಂದರೆ ಲುಂಗಿಯಲ್ಲೇ ಸ್ಕೂಟರ್ ತೆಗೆಯುವ ಮನುಷ್ಯ. ಹಬ್ಬಕ್ಕೆ ಆಂಟಿ ಕೈಯಿಂದ ಒಬ್ಬಟ್ಟು ಮೇಲಕ್ಕೆ ಬರುತ್ತದೆ. ಅಂಕಲ್‌ಗೆ ಇರುವ ಮರೆವು ಒಂದೇ: ನೀವು ಕೊಟ್ಟ ಅಡ್ವಾನ್ಸು ನಿಮ್ಮದು ಎನ್ನುವುದು.

ಮುಂಬೈಯಲ್ಲಿ ಎರಡು ಮೂರು ತಿಂಗಳ ಬಾಡಿಗೆಗೆ ಮುಗಿಯುವ ಡಿಪಾಸಿಟ್ಟು ನಮ್ಮಲ್ಲಿ ಬಹುಕಾಲ ಹತ್ತು ತಿಂಗಳಿನದು. ಈಚೆಗೆ ಐದಾರಕ್ಕೆ ಇಳಿದವರಿದ್ದಾರೆ, ಆದರೆ ಅಂಕಲ್ ಹಳೆಯ ಸಂಪ್ರದಾಯದವರು. ಬಾಡಿಗೆ 18,000 ಆದರೆ ಅಡ್ವಾನ್ಸು 1,80,000. ಈ ದುಡ್ಡು ಎಲ್ಲೋ ಬ್ಯಾಂಕಿನಲ್ಲಿ ಭದ್ರವಾಗಿದೆ ಎಂದು ಬಾಡಿಗೆದಾರ ನಂಬಿರುತ್ತಾನೆ. ಭದ್ರವಾಗಿರುವುದೇನೋ ನಿಜ. ಅವನ ತಲೆಯ ಮೇಲೇ ಇದೆ, ಎರಡನೇ ಮಹಡಿಯಾಗಿ. ಉಳಿದದ್ದು ಮಗಳ ಮದುವೆಯ ಛತ್ರಕ್ಕೆ ಹೋಯಿತು. ಆ ಮದುವೆಯಲ್ಲಿ ಇವನೂ ಊಟ ಮಾಡಿ ಬಂದಿದ್ದಾನೆ.

ಹಾಗಾಗಿ "ಅಂಕಲ್, ಮನೆ ಖಾಲಿ ಮಾಡ್ತಾ ಇದೀವಿ" ಎಂದಾಗ ಅವರ ಮುಖ ಬಾಡುವುದು ಅಗಲಿಕೆಯ ದುಃಖದಿಂದಲ್ಲ. ಅಂದೇ ಸಂಜೆ ಗೋಡೆಯ ಕ್ಯಾಲೆಂಡರು ಕೆಳಗಿಳಿಯುತ್ತದೆ.

ದುಡ್ಡು ಕೊಡುವುದಕ್ಕೆ ಬೇಕಾದಂಥ ದಿನ ಆ ಕ್ಯಾಲೆಂಡರಿನಲ್ಲಿ ಅಚ್ಚೇ ಆಗಿಲ್ಲ. ಮಂಗಳವಾರ ಆಗದು. ಶುಕ್ರವಾರ ಲಕ್ಷ್ಮಿಯನ್ನು ಹೊರಗೆ ಕಳಿಸಿದರೆ ಆಂಟಿ ಒಪ್ಪುವುದಿಲ್ಲ. (ಅಡ್ವಾನ್ಸು ಇಸಿದುಕೊಂಡದ್ದು ಶುಕ್ರವಾರವೇ. ಬರುವ ಲಕ್ಷ್ಮಿಗೆ ಅಡ್ಡಿಯಿಲ್ಲ.) ಅಮಾವಾಸ್ಯೆ ಹೇಗೂ ಕೂಡದು. ಭಾನುವಾರ ಬ್ಯಾಂಕಿಲ್ಲ. ಫೋನಿನಲ್ಲೇ ಹಾಕಿಬಿಡಿ ಎಂದರೆ, ದಿನಕ್ಕೆ ಒಂದು ಲಕ್ಷ ದಾಟುವುದಿಲ್ಲವಂತಲ್ಲ ಎಂದು ಯುಪಿಐ ಮಿತಿಯನ್ನು ನಮಗಿಂತ ಸ್ಪಷ್ಟವಾಗಿ ಹೇಳುತ್ತಾರೆ. ಆ ಒಂದು ಲಕ್ಷವನ್ನಾದರೂ ಹಾಕಬಹುದಿತ್ತಲ್ಲ ಎಂದು ನಮಗೆ ಹೊಳೆಯುವುದು ಗೇಟು ದಾಟಿದ ಮೇಲೆ. ಎಲ್ಲಕ್ಕಿಂತ ದೊಡ್ಡದು ಆಷಾಢ. ಆಷಾಢದಲ್ಲಿ ಯಾರೂ ಹೊಸ ಮನೆಗೆ ಹಾಲುಕ್ಕಿಸುವುದಿಲ್ಲ. ಹೊಸಬರು ಬಾರದೆ ಹೊಸ ಅಡ್ವಾನ್ಸಿಲ್ಲ, ಹೊಸ ಅಡ್ವಾನ್ಸಿಲ್ಲದೆ ಹಳೆಯದು ವಾಪಸಿಲ್ಲ. ಶ್ರಾವಣ ಬರಲಿ ಎನ್ನುತ್ತಾರೆ. ಶ್ರಾವಣದಲ್ಲಿ ಬಂದವರು ತಿಂಗಳು ಕಾಲ ಯೋಚನೆ ಮಾಡಿದರೆ, ಮುಂದೆ ಪಿತೃಪಕ್ಷ.

ಇನ್ನು ಪರಿಶೀಲನೆ. ಸಾಮಾನು ಲಾರಿ ಹತ್ತಿದ ಮೇಲೆ ಅಂಕಲ್ ಟಾರ್ಚು, ಯಾವುದೋ ಬ್ಯಾಂಕಿನವರು ಕೊಟ್ಟ ಹಳೆಯ ಡೈರಿ ಹಿಡಿದು, ಕಿವಿಗೊಂದು ಪೆನ್ನು ಸಿಕ್ಕಿಸಿಕೊಂಡು ಮೇಲೆ ಬರುತ್ತಾರೆ. ಹಾಡುಹಗಲು, ಆದರೂ ಟಾರ್ಚು. ನಲ್ಲಿ ತಿರುಗಿಸುತ್ತಾರೆ, ವಾಷರ್ ಹೋಗಿದೆ, 150. ಒಲೆಯ ಹಿಂದಿನ ಟೈಲ್ಸಿನ ಮೇಲೆ ಬೆರಳೆಳೆದು, ಮೂಗಿನ ಹತ್ತಿರ ತಂದು, "ಒಗ್ಗರಣೆ ಜೋರು" ಎಂದು ಬರೆದುಕೊಳ್ಳುತ್ತಾರೆ. ಹಾಲಿನ ಗೋಡೆಯ ಮುಂದೆ ನಿಂತು ಒಂದು ತೂತಿಗೆ ಕಿರುಬೆರಳು ತೂರಿಸುತ್ತಾರೆ.

"ಇದೇನಪ್ಪಾ ಇದು?"

"ಆ ಮೊಳೆ ನಾವು ಬರೋಕೆ ಮುಂಚೆನೇ ಇತ್ತು ಅಂಕಲ್. ಹಿಂದಿನವರು ಹೊಡೆದಿದ್ದು."

"ಗೊತ್ತು. ಅದಕ್ಕೆ ಅವರ ಹತ್ರ ಮುರ್ಕೊಂಡಿದೀನಿ. ಹೊಡೆದವರು ಅವರೇ ಇರಲಿ, ಗಡಿಯಾರ ನೇತು ಹಾಕಿದ್ದು ನೀವು ತಾನೆ?"

ಆ ಒಂದೇ ತೂತಿಗೆ ಬಂದುಹೋದ ಸಂಸಾರಗಳೆಲ್ಲ ದಂಡ ಕಟ್ಟಿವೆ. ಅದನ್ನು ಮುಚ್ಚಿಸಿದರೆ ಅಂಕಲ್‌ಗೇ ನಷ್ಟ.

ಸುಣ್ಣ ಬಣ್ಣದ ಬಾಬ್ತು ಒಂದು ತಿಂಗಳ ಬಾಡಿಗೆ ಅಗ್ರಿಮೆಂಟಿನಲ್ಲೇ ಇದೆ, ಅದಕ್ಕೆ ಯಾರೂ ತಕರಾರು ಎತ್ತುವಂತಿಲ್ಲ. ಆ ಬಣ್ಣವನ್ನು ಕಣ್ಣಾರೆ ಕಂಡವರೂ ಇಲ್ಲ. ಅಗ್ರಿಮೆಂಟು ಹನ್ನೊಂದು ತಿಂಗಳದ್ದು. ವರ್ಷ ದಾಟಿದರೆ 1908ರ ನೋಂದಣಿ ಕಾಯ್ದೆಯ ಪ್ರಕಾರ ರಿಜಿಸ್ಟರ್ ಮಾಡಿಸಬೇಕಾಗುತ್ತದೆ. ಇಂಥ ಕಾನೂನುಗಳೆಲ್ಲ ಅಂಕಲ್‌ಗೆ ಬಾಯಿಪಾಠ. ಒಮ್ಮೆ ಮೇಲಿನ ಮನೆಯ ಕಾಲೇಜು ಹುಡುಗಿ, 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಡಿಪಾಸಿಟ್ ಇಲ್ಲ, ಮನೆ ಬಿಟ್ಟುಕೊಟ್ಟ ದಿನವೇ ವಾಪಸ್ ಕೊಡಬೇಕು ಎಂದು ಓದಿ ಹೇಳಿದಳು. ಅಂಕಲ್ ಪೂರ್ತಿ ಕೇಳಿಸಿಕೊಂಡರು. ರಾಜ್ಯಗಳು ತಾವೇ ಕಾನೂನು ಮಾಡಿಕೊಂಡರೆ ಮಾತ್ರ ಅದಕ್ಕೆ ಬೆಲೆ ಎನ್ನುವುದು ಅವರಿಗೆ ಗೊತ್ತು. "ಚೆನ್ನಾಗಿ ಓದ್ತೀಯ ಕಣಮ್ಮ, ಐಎಎಸ್ ಮಾಡು. ಅದು ಡೆಲ್ಲೀಲಿ ಮಾಡಿದ್ದು. ನಮ್ಮ ಅಗ್ರಿಮೆಂಟು ಆಗಿದ್ದು ಬಸ್ ಸ್ಟಾಪಿನ ಜೆರಾಕ್ಸ್ ಅಂಗಡೀಲಿ" ಎಂದರು.

ಕೋರ್ಟಿಗೆ ಹೋಗುವ ಮಾತು ನಮ್ಮ ಕಡೆಯಿಂದಲೂ ಬರುವುದಿಲ್ಲ. ವಕೀಲರ ಫೀಸು, ರಜೆ, ತಿರುಗಾಟ ಕೂಡಿಸಿ ನೋಡಿದರೆ ಮೊಳೆಯ ತೂತೇ ಅಗ್ಗ. ಅನುಭವಸ್ಥರು ಕೊನೆಯ ತಿಂಗಳುಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲೇ ಮುರಿದುಕೊಳ್ಳಿ ಎಂದು ಹೇಳಿಬಿಡುತ್ತಾರೆ. ಅದಕ್ಕೆ ಎದೆಗಾರಿಕೆ ಬೇಕು, ಯಾಕೆಂದರೆ ಸಂಪಿನ ಮೋಟಾರಿನ ಸ್ವಿಚ್ಚು ಅಂಕಲ್ ಮನೆಯೊಳಗಿದೆ.

ನಮ್ಮಂಥ ಅಂಜುಬುರುಕರಿಗೆ ಉಳಿದಿರುವುದು ಒಂದೇ ದಾರಿ. ಖಾಲಿ ಮಾಡಿದ ಮನೆಗೆ ನಾವೇ ಜನ ಹುಡುಕುವುದು. ಯಾವ ಮನೆಯ ಬಚ್ಚಲು ಕಟ್ಟಿಕೊಳ್ಳುತ್ತದೆಂದು ವರ್ಷವಿಡೀ ಗೊಣಗಿದ್ದೆವೋ ಅದೇ ಮನೆಯನ್ನು ಆಫೀಸಿನ ಲಿಫ್ಟಿನಲ್ಲಿ ಹಾಡಿ ಹೊಗಳುತ್ತೇವೆ: ಗಾಳಿ ಬೆಳಕು ಧಾರಾಳ, ಕಾವೇರಿ ನೀರು, ಮೆಟ್ರೋ ಹತ್ತಿರ. ಭಾನುವಾರ ಹೊಸದಾಗಿ ಮದುವೆಯಾದ ಜೋಡಿಯೊಂದನ್ನು ಕರೆದುಕೊಂಡು ಹೋಗಿ ಬೀಗ ತೆಗೆದು ತೋರಿಸುತ್ತೇವೆ, ಆ ತೂತಿನ ಮುಂದೆ ಬೆನ್ನು ಕೊಟ್ಟು ನಿಂತುಕೊಂಡು. ಅಂಕಲ್ ಬಾಗಿಲಲ್ಲಿ ಕೈಕಟ್ಟಿ ನಗುತ್ತಿರುತ್ತಾರೆ. ಆಂಟಿ ಕಾಫಿ ತರುತ್ತಾರೆ, ಈ ಸಲ ನಮಗೂ.

ಅಂಕಲ್ ಫೋನಿಗೆಂದು ಆಚೆ ಹೋದಾಗ ಹೊಸ ಗಂಡ ಮೆಲ್ಲಗೆ ಕೇಳುತ್ತಾನೆ:

"ಸಾರ್, ಅಡ್ವಾನ್ಸ್ ವಾಪಸ್ ಕೊಡೋದರಲ್ಲಿ ಇವರು ಹೇಗೆ?"

"ಅದು ನಿಮ್ಮ ಕೈಲೇ ಇದೆ ಸಾರ್."

"ಹೌದು ಬಿಡಿ, ಮನೇನ ನೀಟಾಗಿ ಇಟ್ಕೊಂಡ್ರೆ ಯಾರು ಯಾಕೆ ತಕರಾರು ಮಾಡ್ತಾರೆ" ಎಂದು ಅವನು ಟೋಕನ್ ಐದು ಸಾವಿರ ಕಳಿಸಲು ಫೋನು ತೆಗೆಯುತ್ತಾನೆ.