ಬಗ್ಗಿದವರ ಪಾಲು

ಇಂಗ್ಲೆಂಡಿನಲ್ಲಿ ನಾಯಿ ಮಾಡಿದರೆ ಅಪರಾಧ, ಕುದುರೆ ಮಾಡಿದರೆ ಪ್ರಕೃತಿ. ಯಾವ ಕಾನೂನು ಪುಸ್ತಕದಲ್ಲೂ ಹೀಗೆ ಬರೆದಿಲ್ಲ. ಆದರೆ ರೆಡಿಂಗ್ ಊರಿನ ಅಂಚಿನಲ್ಲಿ, ನಮ್ಮ ಮನೆಯ ಹಿಂದೆ ಹಾದುಹೋಗುವ ದಾರಿಯಲ್ಲಿ ದಿನಾ ಓಡಾಡುವವರಿಗೆಲ್ಲ ಇದು ಬಾಯಿಪಾಠ. ದಾರಿಯ ಬಾಯಲ್ಲೇ ಒಂದು ಫಲಕವಿದೆ: ನಾಯಿಯ ಗಲೀಜು ಎತ್ತದಿದ್ದರೆ 100 ಪೌಂಡ್ ದಂಡ. 2014ರ ಕಾಯ್ದೆಯೊಂದು ಕೌನ್ಸಿಲ್‌ಗಳಿಗೆ ಕೊಟ್ಟ ಅಧಿಕಾರ ಅದು. ದಂಡ ಕಟ್ಟದೆ ಮೊಂಡಾಟ ಮಾಡಿ ಕೋರ್ಟಿಗೆ ಹೋದರೆ ಸಾವಿರ ಪೌಂಡ್‌ವರೆಗೂ ಏರಬಹುದು. ಅದೇ ಫಲಕದ ಬುಡದಲ್ಲಿ, ಇನ್ನೂ ಹಬೆಯಾಡುತ್ತಿರುವ ಕುದುರೆ ಲದ್ದಿ. ನಮ್ಮ ಲ್ಯಾಬ್ರಡಾರ್ ಬೋಂಡ ಅದನ್ನು ಗೌರವದಿಂದ ಮೂಸಿ, ಪಕ್ಕದಲ್ಲಿ ತನ್ನದೂ ಒಂದಿಷ್ಟು ಇಡುತ್ತಾನೆ. ನಾನು ಕಪ್ಪು ಚೀಲ ಬಿಡಿಸಿಕೊಂಡು ಆ ಒಂದಿಷ್ಟಕ್ಕಾಗಿ ಬಗ್ಗುತ್ತೇನೆ. ಪಕ್ಕದ ಗುಡ್ಡ ಹಾಗೇ ಇರುತ್ತದೆ.

ಇಂಥ ದಾರಿಗೆ ಇಲ್ಲಿ ಬ್ರೈಡಲ್‌ವೇ ಎನ್ನುತ್ತಾರೆ. ನಡೆಯುವವರಿಗೂ ಕುದುರೆಯವರಿಗೂ ಮೀಸಲಾಗಿದ್ದ ಈ ದಾರಿಗಳಲ್ಲಿ ಸೈಕಲ್ಲಿನವರೂ ಹೋಗಬಹುದು ಎಂದದ್ದು 1968ರ ಕಾಯ್ದೆ. ಒಂದೇ ಷರತ್ತು, ಸೈಕಲ್ಲಿನವರು ಉಳಿದ ಇಬ್ಬರಿಗೂ ದಾರಿ ಬಿಡಬೇಕು. ನಮ್ಮ ಮನೆಯ ಗ್ರಹಚಾರವೆಂದರೆ ಆ ಕಾಯ್ದೆಯಲ್ಲಿ ಬರುವ ಮೂರು ಪಂಗಡಗಳೂ ಒಂದೇ ಊಟದ ಮೇಜಿನ ಸುತ್ತ ಕೂರುತ್ತವೆ. ನಾನು ಮತ್ತು ಬೋಂಡ ಕಾಲ್ನಡಿಗೆ. ನಮ್ಮ ಯಜಮಾನರು ಸೈಕಲ್. ಮಗಳು ಅನಘಾ ಶನಿವಾರ ಬೆಳಗ್ಗೆ ಬಿಸ್ಕಿಟ್ ಎಂಬ ಹೆಸರಿನ ಕುದುರೆಯ ಸವಾರಿ ಕಲಿಯುತ್ತಾಳೆ. ಭರತನಾಟ್ಯ ಕಲಿ ಅಂದರೆ ಮೊಣಕಾಲು ನೋವು ಅನ್ನುತ್ತಿದ್ದವಳಿಗೆ ಕುದುರೆ ಏರಿದರೆ ಯಾವ ನೋವೂ ಇಲ್ಲ.

ಯಜಮಾನರ ಸೈಕಲ್ಲಿಗೆ ಮಡ್‌ಗಾರ್ಡ್ ಇಲ್ಲ. ಇದ್ದರೆ ವೇಗ ಕಡಿಮೆಯಾಗುತ್ತದಂತೆ. ಇಲ್ಲದ್ದರಿಂದ ಏನಾಗುತ್ತದೆ ಎಂಬುದು ಒಂದು ಭಾನುವಾರ ಗೊತ್ತಾಯಿತು. ಅವರು ಅಡುಗೆಮನೆ ಬಾಗಿಲಲ್ಲಿ ನಿಂತು ಬೆನ್ನು ತಿರುಗಿಸಿದರು. ಸೊಂಟದಿಂದ ಕುತ್ತಿಗೆಯವರೆಗೆ ಒಂದೇ ನೇರಕ್ಕೆ ಹಸಿರುಗಂದು ಪಟ್ಟೆ.

“ಮೂವತ್ತು ಕಿಲೋ ನಾಯಿ ಸಾಕಿದೋರಿಗೆ ನೂರು ಪೌಂಡ್ ದಂಡ. ಅರ್ಧ ಟನ್ ಪ್ರಾಣಿ ಸಾಕಿದೋರಿಗೆ ನಮಸ್ಕಾರ. ಇದು ಯಾವ ಸೀಮೆ ನ್ಯಾಯ?” ಎಂದರು.

“ಅಪ್ಪ, ಕುದುರೆ ತಿನ್ನೋದು ಬರೀ ಹುಲ್ಲು. ಹೊರಗೆ ಬರೋದೂ ಹೆಚ್ಚುಕಡಿಮೆ ಹುಲ್ಲೂ ನೀರೂನೇ,” ಎಂದಳು ಮಗಳು, ದೋಸೆಯಿಂದ ಕಣ್ಣೆತ್ತದೆ. “ನಾಯೀದು ಹಾಗಲ್ಲ. ಅದರಲ್ಲಿ ಟಾಕ್ಸೊಕಾರಾ ಅಂತ ಹುಳುವಿನ ಮೊಟ್ಟೆ ಇರಬಹುದು, ಮಕ್ಕಳ ಕಣ್ಣೇ ಹೋಗಬಹುದು. ಕಾನೂನು ಸರಿಯಾಗೇ ಇದೆ.”

“ಹುಲ್ಲೂ ನೀರೂ ಅಂತೀಯಲ್ಲ, ಎಷ್ಟು ಹುಲ್ಲು?”

“ದಿನಕ್ಕೆ ಇಪ್ಪತ್ತು ಕಿಲೋ ಮೇಲೇ ಇರುತ್ತೆ ಲದ್ದಿ,” ಎಂದಳು, ಬಿಸ್ಕಿಟ್ಟಿನ ಸಾಧನೆ ತನ್ನದೇ ಎಂಬ ಹೆಮ್ಮೆಯಿಂದ.

“ಹಾಗಾದ್ರೆ ಇಳಿದು ಎತ್ತಲಿ.”

“ಇಳಿಯೋದೇನೋ ಇಳೀಬಹುದು. ಮತ್ತೆ ಹತ್ತೋಕೆ ಮೆಟ್ಟಿಲುಕಟ್ಟೆ ಬೇಕು. ಒಂದು ಕೈಲಿ ಲಗಾಮು, ಇನ್ನೊಂದು ಕೈಲಿ ಸಲಿಕೆ, ಪಕ್ಕದಲ್ಲಿ ನಿಮ್ಮಂಥೋರು ಬೆಲ್ ಹೊಡ್ಕೊಂಡು ಬಂದ್ರೆ ಕುದುರೆ ಹೆದರಿ ಓಡುತ್ತೆ. ಆಮೇಲೆ ಲದ್ದಿ ಅಲ್ಲ, ನನ್ನನ್ನೇ ಎತ್ತಬೇಕಾಗುತ್ತೆ.”

ವಾದದಲ್ಲಿ ಹುರುಳಿತ್ತು. ಕುದುರೆ ಸವಾರರ ದೊಡ್ಡ ಸಂಸ್ಥೆಯಾದ ಬ್ರಿಟಿಷ್ ಹಾರ್ಸ್ ಸೊಸೈಟಿಯ ನಿಲುವೂ ಸುಮಾರಾಗಿ ಇದರ ಆಸುಪಾಸಿನದೇ: ಜಾಗ ಸುರಕ್ಷಿತವಾಗಿದ್ದರೆ ಇಳಿದು ಪಕ್ಕಕ್ಕೆ ಸರಿಸಿ, ಇಲ್ಲದಿದ್ದರೆ ಆಮೇಲಾದರೂ ಬಂದು ತೆಗೆಯಿರಿ. ಈ “ಆಮೇಲೆ” ಎಂಬುದು ಎಂಥ ಘಳಿಗೆ ಎಂದು ಗಂಡಸರಿರುವ ಮನೆಯ ಹೆಂಗಸರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ವಿಯೆನ್ನಾದಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುವ ಸಾರೋಟು ಕುದುರೆಗಳ ಹಿಂದೆ ಚೀಲ ಕಟ್ಟುತ್ತಾರೆ ಎಂದು ಯಜಮಾನರು ಚಿತ್ರ ತೋರಿಸಿದರು. ಗಾಡಿಗೆ ಹೂಡಿದ ಕುದುರೆಗೆ ಅದು ಸರಿ, ಸವಾರಿ ಕುದುರೆಗೆ ಅಲ್ಲ ಎಂದಳು ಮಗಳು. ನಾನು ಗಾಲಿಕುರ್ಚಿಯ ಮಾತು ತೆಗೆದೆ. ನಮ್ಮ ಬೀದಿಯವರೊಬ್ಬರು ಅದೇ ದಾರಿಯಲ್ಲಿ ಗಾಲಿಕುರ್ಚಿ ತಳ್ಳಿಕೊಂಡು ಹೋಗುತ್ತಾರೆ. ಚಕ್ರಕ್ಕೆ ಹತ್ತಿದ್ದು ಚಕ್ರದಲ್ಲೇ ನಿಲ್ಲುವುದಿಲ್ಲ, ಅವರ ಅಂಗೈಗೆ ಬರುತ್ತದೆ. ಅದು ಬರೀ ಹುಲ್ಲೂ ನೀರೂ ಎಂದು ಅವರಿಗೆ ಹೇಳಲು ಯಾರಿಗೆ ಬಾಯಿ ಬರುತ್ತದೆ? ಮಗಳು ಸುಮ್ಮನಾದಳು. ಯಜಮಾನರು ಗೆದ್ದವರಂತೆ ಎದ್ದು ಹೋದರು. ತಟ್ಟೆ ಅಲ್ಲೇ ಇತ್ತು.

ಇಂಥ ಹೊತ್ತಿನಲ್ಲಿ ಮೈಸೂರಿನಿಂದ ಅಮ್ಮ ಬಂದಳು. ಆರು ತಿಂಗಳ ವೀಸಾ, ಎರಡು ಸೂಟ್‌ಕೇಸು, ಅದರಲ್ಲಿ ಮುಕ್ಕಾಲು ಪಾಲು ಹುಳಿಪುಡಿ. ಬೆಳಗ್ಗೆ ನನ್ನ ಜೊತೆ ನಡೆಯಲು ಬಂದವಳು ಫಲಕವನ್ನು ನೋಡಲಿಲ್ಲ, ಅದರ ಬುಡ ನೋಡಿದಳು.

“ಅಯ್ಯೋ, ಇಷ್ಟು ಒಳ್ಳೇ ಗೊಬ್ಬರ ಹೀಗೆ ದಾರೀಲಿ ಬಿದ್ದಿದೆಯಲ್ಲೇ! ನೀವು ನೋಡಿದ್ರೆ ಅಂಗಡಿಯಿಂದ ದುಡ್ಡು ಕೊಟ್ಟು ಚೀಲದಲ್ಲಿ ತರ್ತೀರಿ.”

ಅಮ್ಮನಿಗೆ ಲದ್ದಿ ಹೊಸದಲ್ಲ. ಜಟಕಾ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಊರಿನವಳು. ದಸರಾ ಆನೆಗಳು ತಾಲೀಮಿಗೆ ಹೊರಟರೆ ಹಿಂದೆಯೇ ಮಕ್ಕಳ ದಂಡು ಓಡಿ, ಬಿಸಿ ಲದ್ದಿ ತುಳಿದು ಬರುವ ಊರು ಅದು. ಆನೆ ಲದ್ದಿ ತುಳಿದರೆ ಕಾಲು ಗಟ್ಟಿಯಾಗುತ್ತದೆ ಎಂಬ ನಂಬಿಕೆ. ಅಂಥ ಕಾಲಿನವಳಿಗೆ ರೆಡಿಂಗಿನ ಕುದುರೆ ಯಾವ ಲೆಕ್ಕ?

ಮರುದಿನ ಬೆಳಗ್ಗೆ ಅಮ್ಮ ಕಾಣಲಿಲ್ಲ. ಕಿಟಕಿಯಿಂದ ಇಣುಕಿದರೆ ದಾರಿಯಲ್ಲಿದ್ದಾಳೆ. ಉಟ್ಟ ಸೀರೆಯ ಮೇಲೆ ಅಳಿಯನ ಹೊಳೆಯುವ ಹಳದಿ ಜಾಕೀಟು, ಕೈಯಲ್ಲಿ ಅನಘಾ ಚಿಕ್ಕಂದಿನಲ್ಲಿ ಮರಳಾಡುತ್ತಿದ್ದ ಕೆಂಪು ಸಲಿಕೆ, ಇನ್ನೊಂದು ಕೈಯಲ್ಲಿ ಬಕೆಟ್ಟು. ಊರವರು ಅವಳನ್ನು ಕೌನ್ಸಿಲ್ಲಿನ ಸ್ವಯಂಸೇವಕಿ ಎಂದೇ ತಿಳಿದರು. ನಾಯಿಯವರು ನಿಂತು ಹೊಗಳಿದರು. ಕುದುರೆಯವರು ಲಗಾಮು ಜಗ್ಗಿ ನಿಲ್ಲಿಸಿ, ಮೇಲಿಂದಲೇ ಟೋಪಿ ಮುಟ್ಟಿ ಧನ್ಯವಾದ ಹೇಳಿದರು. ಒಬ್ಬರೂ ಇಳಿಯಲಿಲ್ಲ.

“ಮೇಲೆ ಕೂತ್ಕೊಂಡು ಥ್ಯಾಂಕ್ಸ್ ಹೇಳೋಕ್ಕೇನಂತೆ,” ಎಂದಳು ಅಮ್ಮ. “ನಿಮ್ಮಪ್ಪನೂ ಹೇಳ್ತಿದ್ರು, ಪೇಪರ್ ಹಿಂದಿನಿಂದ.”

ಅಮ್ಮ ಒಂದು ವಾಕ್ಯದಲ್ಲಿ ಹೇಳಿದ್ದಕ್ಕೆ ಲಂಡನ್ನಿನ ಚರಿತ್ರೆಯೇ ಸಾಕ್ಷಿ. 1890ರ ದಶಕದಲ್ಲಿ ಅಲ್ಲಿ ಒಂದೊಂದು ಕುದುರೆ ಬಸ್ಸು ದಿನವಿಡೀ ಓಡಬೇಕಾದರೆ ಸರದಿಯ ಮೇಲೆ ಹತ್ತು ಹನ್ನೆರಡು ಕುದುರೆ ಬೇಕಾಗುತ್ತಿದ್ದವು. ಬೀದಿಯ ಲದ್ದಿ ಗುಡಿಸಿ, ದೊಡ್ಡವರ ಲಂಗಕ್ಕೂ ಬೂಟಿಗೂ ತಾಗದಂತೆ ದಾರಿ ಮಾಡಿಕೊಟ್ಟು, ಅವರೆಸೆದ ಪುಡಿಗಾಸು ಆಯ್ದುಕೊಳ್ಳುವ ಬಡ ಹುಡುಗರು ತಿರುವು ತಿರುವಿನಲ್ಲೂ ಇದ್ದರು. ಹೆನ್ರಿ ಮೇಹ್ಯೂ ಎಂಬ ಪತ್ರಕರ್ತ 1851ರ ಸುಮಾರಿಗೆ ಇಂಥವರ ಬದುಕನ್ನೇ ಕೆದಕಿ ಬರೆದ. ಅವನ ಬರಹದಲ್ಲಿ ಇನ್ನೊಂದು ಕಸುಬಿನವರೂ ಬರುತ್ತಾರೆ, ಬೀದಿ ಬೀದಿ ಅಲೆದು ನಾಯಿಯದನ್ನು ಆಯುವವರು. ಬರ್ಮಂಡ್ಸಿಯ ಚರ್ಮ ಹದಮಾಡುವವರು ಅದನ್ನು ಬಕೆಟ್ ಲೆಕ್ಕದಲ್ಲಿ ಕೊಳ್ಳುತ್ತಿದ್ದರು. ನಾನು ಈಗ ದಂಡಕ್ಕೆ ಹೆದರಿ ಕಪ್ಪು ಚೀಲದಲ್ಲಿ ಗಂಟು ಕಟ್ಟಿ ಎಸೆಯುವುದು ಆಗ ಯಾರದೋ ರಾತ್ರಿಯೂಟ. ಏನಕ್ಕೆ ಬೆಲೆ, ಏನಕ್ಕೆ ದಂಡ ಎಂಬುದು ಕಾಲಕ್ಕೆ ತಕ್ಕಂತೆ ತಿರುಗುಮುರುಗಾಗಿದೆ. ಬದಲಾಗದ್ದು ಒಂದೇ: ಮೇಲಿರುವವರು ಮೇಲೆ, ಬಗ್ಗುವವರು ಕೆಳಗೆ.

ಅಮ್ಮ ಚರಿತ್ರೆಗೆ ಕಾಯಲಿಲ್ಲ. ಹಿತ್ತಲಲ್ಲಿ ಗುಡ್ಡೆ ಬೆಳೆಯಿತು. ಹಸಿ ಲದ್ದಿ ಬಿಸಿ, ಬೇರು ಸುಡುತ್ತದೆ, ಕೊಳೆತು ಮಾಗಬೇಕು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಪಕ್ಕದ ಮನೆಯ ನಿವೃತ್ತ ಸಾಹೇಬರು ಬೇಲಿಯಾಚೆಯಿಂದ ಅವಳಿಗೂ ಗೊತ್ತಿಲ್ಲದ ಒಂದು ಸಂಗತಿ ಹೇಳಿದರು. ಹುಲ್ಲುಗಾವಲಿನ ಕಳೆ ಕೊಲ್ಲಲು ಹೊಡೆಯುವ ಅಮಿನೊಪೈರಾಲಿಡ್ ಎಂಬ ಔಷಧ ಕುದುರೆಯ ಹೊಟ್ಟೆಯೊಳಗೂ ಸಾಯದೆ ಲದ್ದಿಯಲ್ಲಿ ಹೊರಗೆ ಬರುತ್ತದೆ. 2008ರಲ್ಲಿ ಅಂಥ ಗೊಬ್ಬರ ಹಾಕಿದ ಎಷ್ಟೋ ಜನರ ಟೊಮೇಟೊ, ಹುರುಳಿಕಾಯಿ ಗಿಡಗಳು ಸುರುಟಿ ಹೋಗಿ, ಔಷಧದ ಮಾರಾಟವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಪರೀಕ್ಷೆ ಮಾಡುವುದು ಸುಲಭ: ಗೊಬ್ಬರ ಬೆರೆಸಿದ ಕುಂಡದಲ್ಲಿ ನಾಲ್ಕು ಬೀನ್ಸ್ ಕಾಳು ಹಾಕಿ, ಚಿಗುರು ನೆಟ್ಟಗೆ ಬಂದರೆ ಸರಿ, ಮುದುಡಿದರೆ ಬೇಡ. ಅಮ್ಮ ಅಡುಗೆಮನೆ ಕಿಟಕಿಯಲ್ಲಿ ಕುಂಡ ಇಟ್ಟಳು. ಚಿಗುರು ನೆಟ್ಟಗೆ ಬಂತು. ಆ ದಿನ ಪಾಯಸ ಆಯಿತು. ಮೊಮ್ಮಗಳು ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಹೆಚ್ಚಿದ್ದನ್ನು ಗೇಟಿನ ಹೊರಗಿಟ್ಟು ಮಾರೋಣ ಎಂದಾಗ ಮಾತ್ರ ಅಳಿಯನಿಗೆ ನಡುಕ ಹುಟ್ಟಿತು. ಈ ದೇಶದ ಹಳ್ಳಿಗಾಡಿನಲ್ಲಿ ಲದ್ದಿ ಚೀಲದ ಪಕ್ಕ ಒಂದು ಡಬ್ಬಿ ಇಟ್ಟು, ಚೀಲಕ್ಕೆ ಒಂದು ಪೌಂಡ್ ಎಂದು ಬರೆದು ಹೋಗುವುದು ಮಾಮೂಲು. ಡಬ್ಬಿಯನ್ನು ಯಾರೂ ಕಾಯುವುದಿಲ್ಲ, ದುಡ್ಡು ಹಾಕಿ ಚೀಲ ಒಯ್ಯುತ್ತಾರೆ.

“ಅತ್ತೆ, ದಯವಿಟ್ಟು ಬೇಡಿ. ವಿಸಿಟರ್ ವೀಸಾದಲ್ಲಿ ಕೆಲಸ ಮಾಡೋ ಹಾಗಿಲ್ಲ, ವ್ಯಾಪಾರ ಮಾಡೋ ಹಾಗಿಲ್ಲ. ಲದ್ದಿ ಮಾರಿದ್ದಕ್ಕೆ ಗಡೀಪಾರು ಅಂದ್ರೆ ಮೈಸೂರಲ್ಲಿ ಏನಂತ ಹೇಳೋದು?”

“ಹಾಗೇ ಆಗಲಿ ಅಳಿಯಂದಿರೇ, ಮಾರೋಲ್ಲ,” ಎಂದಳು ಅಮ್ಮ. ಅಳಿಯನಿಗೆ ಅವಳು ಏಕವಚನದಲ್ಲಿ ಮಾತಾಡಿದ್ದಿಲ್ಲ, ಮುಳ್ಳು ಚುಚ್ಚುವಾಗಲೂ ಬಹುವಚನದಲ್ಲೇ. “ಎತ್ತೋದು ಕೆಲಸ ಅಲ್ಲ ತಾನೇ? ನಲವತ್ತು ವರ್ಷ ಮನೇಲಿ ಎತ್ತಿದ್ದೀನಿ, ಆಗ ಯಾರೂ ಕೆಲಸ ಅಂದಿರಲಿಲ್ಲ.”

ಹೀಗಿರುವಾಗ ಕಳ್ಳತನ ನಡೆಯಿತು. ಒಂದು ಸಂಜೆ ಅಮ್ಮ ದಾರಿಯುದ್ದದ ಲದ್ದಿಯನ್ನೆಲ್ಲ ಅಂಚಿಗೆ ಎಳೆದು ಅಂದವಾಗಿ ಗುಡ್ಡೆ ಮಾಡಿ, ಸೊಂಟ ನೋವೆಂದು ಬೆಳಗ್ಗೆ ತರೋಣವೆಂದು ಬಿಟ್ಟು ಬಂದಳು. ಬೆಳಗ್ಗೆ ಗುಡ್ಡೆ ಇಲ್ಲ. ಪಕ್ಕದ ಸಾಹೇಬರ ಗುಲಾಬಿ ಬುಡ ಮಾತ್ರ ಒಂದೇ ರಾತ್ರಿಯಲ್ಲಿ ದಪ್ಪಗಾಗಿತ್ತು. ದಾರಿಯಲ್ಲಿ ಬಿದ್ದದ್ದು ಯಾರದೂ ಅಲ್ಲವಲ್ಲ ಎಂದು ಅವರು ತುಂಬ ಸಭ್ಯವಾಗಿ ಕೇಳಿದರು. ಯಾರದೂ ಅಲ್ಲದಾಗ ಎತ್ತಲು ಯಾರೂ ಬಂದಿರಲಿಲ್ಲ ಎಂದು ಅಮ್ಮ ಕನ್ನಡದಲ್ಲೇ ಉತ್ತರ ಕೊಟ್ಟಳು. ನಾನು ಅನುವಾದ ಮಾಡುವಾಗ ಅರ್ಧ ನುಂಗಿಕೊಂಡೆ.

ಲಾ ಓದಬೇಕೆಂದಿರುವ ಅನಘಾ ಆ ರಾತ್ರಿ ಒಂದು ತೀರ್ಪು ಹುಡುಕಿ ತಂದಳು. ಅಮೆರಿಕದ ಕನೆಕ್ಟಿಕಟ್ ರಾಜ್ಯ, ಸ್ಟ್ಯಾಮ್‌ಫರ್ಡ್ ಊರು. 1869ರ ಏಪ್ರಿಲ್‌ನ ಒಂದು ಸಂಜೆ ಹ್ಯಾಸ್ಲಮ್ ಎಂಬವನು ಆಳುಗಳನ್ನಿಟ್ಟು ಬೀದಿಯ ಲದ್ದಿಯನ್ನೆಲ್ಲ 18 ಗುಡ್ಡೆ ಮಾಡಿಸಿ, ನಾಳೆ ಗಾಡಿ ತರುತ್ತೇನೆಂದು ಹೋದ. ಮರುದಿನ ಲಾಕ್‌ವುಡ್ ಎಂಬವನು ತನ್ನ ಗಾಡಿಯಲ್ಲಿ ತುಂಬಿಕೊಂಡು ನಡೆದ. ಆರು ಗಾಡಿ ಲದ್ದಿ, ಬೆಲೆ ಆರು ಡಾಲರ್. ಆರು ಡಾಲರಿಗಾಗಿ ಇಬ್ಬರೂ ರಾಜ್ಯದ ಮೇಲಿನ ಕೋರ್ಟಿನವರೆಗೆ ಹೋದರು. 1871ರಲ್ಲಿ ತೀರ್ಪು ಬಂತು: ಕುದುರೆಯವರು ಬಿಟ್ಟುಹೋದಾಗ ಅದು ಯಾರದೂ ಅಲ್ಲ. ಹರಡಿದ್ದನ್ನು ಮೈಬಗ್ಗಿಸಿ ಗುಡ್ಡೆ ಮಾಡಿದವನದು ಅದು. ಗಾಡಿ ತರುವಷ್ಟು ಹೊತ್ತು ಅವನಿಗೆ ಕೊಡಬೇಕು.

ಅಮ್ಮ ಎರಡು ಸಲ ಹೇಳಿಸಿಕೊಂಡಳು. ಅಂದರೆ ಬಗ್ಗಿದವರ ಪಾಲು ಎಂದಾಯಿತು. ನನಗೂ ಅಲ್ಲಿಯವರೆಗಿನ ವಾದವೆಲ್ಲ ತಪ್ಪು ತುದಿಯಿಂದ ಶುರುವಾಗಿತ್ತು ಅನ್ನಿಸಿತು. ಕಾಡಿನ ಮಣ್ಣುದಾರಿಯಲ್ಲಿ ಲದ್ದಿ ಬಿದ್ದರೆ ಮಳೆಯೂ ಹುಳಹುಪ್ಪಟೆಯೂ ನೋಡಿಕೊಳ್ಳುತ್ತವೆ, ಅಲ್ಲಿ ಯಾರೂ ಇಳಿಯಬೇಕಾಗಿಲ್ಲ. ಡಾಂಬರು ಹಾಕಿದ ಇಕ್ಕಟ್ಟು ದಾರಿಯಲ್ಲಿ, ಗಾಲಿಕುರ್ಚಿಯೂ ಮಗುವಿನ ಗಾಡಿಯೂ ಓಡಾಡುವಲ್ಲಿ ಇಳಿಯಲೇಬೇಕು, ಇಲ್ಲವೇ ಸಲಿಕೆ ಹಿಡಿದು ಮರಳಿ ಬರಬೇಕು. ಇಷ್ಟು ಹೇಳಲು ಯಾವ ಕಾಯ್ದೆಯೂ ಬೇಡ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಯೊಂದನ್ನು ಮಾತ್ರ ಈ ಸಂದರ್ಭದಲ್ಲಿ ಬಳಸಬಾರದು. ಇಳಿಯದವರಿಗೆ ದಂಡ ಹಾಕುವುದಕ್ಕಿಂತ ಬಗ್ಗಿದವರಿಗೆ ಹಕ್ಕು ಕೊಡುವುದು ಒಳ್ಳೆಯದು. ಹಾಗೆಂದು ತೀರ್ಪಾದರೆ ಈ ದಾರಿಯಷ್ಟೇ ಅಲ್ಲ, ಎಷ್ಟೋ ಆಸ್ತಿಗಳ ಖಾತೆ ಬದಲಾಯಿಸಬೇಕಾಗುತ್ತದೆ.

“ಹಾಗಾದ್ರೆ ಈ ಮನೆ ಯಾರದು?” ಎಂದು ಕೇಳಿದೆ.

ಯಜಮಾನರಿಗೆ ಅಪಾಯದ ವಾಸನೆ ಬಡಿಯಿತು. “ಅದು ಅಮೆರಿಕದ ತೀರ್ಪು, ಇಂಗ್ಲೆಂಡಿನಲ್ಲಿ ನಡೆಯೋಲ್ಲ. ಮಾರ್ಟ್‌ಗೇಜ್ ಪತ್ರದಲ್ಲಿ ನನ್ನ ಹೆಸರೇ ಮೊದಲು ಇದೆ.”

“ಇರಲಿ ಬಿಡಿ ಅಳಿಯಂದಿರೇ, ಮನೆ ನಿಮ್ಮದೇ,” ಎಂದಳು ಅಮ್ಮ. “ಆ ತಟ್ಟೆ ಯಾರದು ಅಂತಷ್ಟೇ ನೋಡಿ.”

ಸಾರಿನ ಬಟ್ಟಲು ಸಮೇತ ತಟ್ಟೆ ಅವರ ಮುಂದೆಯೇ ಇತ್ತು. ಯಾರೂ ಮಾತಾಡಲಿಲ್ಲ. ಅವರು ಎದ್ದರು, ತಟ್ಟೆ ತೊಳೆದರು, ಬಗ್ಗಿ ಡಿಶ್‌ವಾಶರಿನಲ್ಲಿ ಇಟ್ಟರು. ಹಕ್ಕು ಸ್ಥಾಪಿಸಿದವರ ಗತ್ತಿನಲ್ಲಿ ಮಹಡಿ ಹತ್ತಿ ಹೋದರು.

ಬಟ್ಟಲನ್ನು ಅಂಗಾತ ಇಟ್ಟಿದ್ದರು. ಮಗುಚಿ ಇಡಲು ನಾನು ಬಗ್ಗಿದೆ. ತೀರ್ಪಿನ ಪ್ರಕಾರ ಅದೂ ಈಗ ನನ್ನದೇ.