ಕಾರ್ಯದರ್ಶಿಗಳ ಇಂಗ್ಲಿಷು

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಒಂದು ಕ್ಷೇಮಾಭಿವೃದ್ಧಿ ಸಂಘ, ಅದಕ್ಕೊಬ್ಬ ಕಾರ್ಯದರ್ಶಿ ಇದ್ದೇ ಇರುತ್ತಾರೆ. ನಿವೃತ್ತ ಅಧಿಕಾರಿ, ಕಂಕುಳಲ್ಲಿ ಫೈಲು, ಜೇಬಿನಲ್ಲಿ ಎರಡು ಪೆನ್ನು. ಪಾರ್ಕಿನ ಮುರಿದ ಕಲ್ಲುಬೆಂಚಿನ ರಿಪೇರಿ ಅವರ ಕೈಗೆ ಬಂತೆಂದರೆ ಬೆಂಚು ಇನ್ನೊಂದು ಮಳೆಗಾಲ ಕಾಣುವುದು ಖಾತ್ರಿ. ಜನ ಅವರನ್ನು ಸೋಮಾರಿ ಎನ್ನುತ್ತಾರೆ. ಅದು ಅನ್ಯಾಯ. ಸೋಮಾರಿ ಕೆಲಸ ಮಾಡದೆ ಸುಮ್ಮನಿರುತ್ತಾನೆ. ಇವರು ಕೆಲಸ ಆಗದಿರಲೆಂದು ಹಗಲಿರುಳು ದುಡಿಯುತ್ತಾರೆ. ಆ ದುಡಿಮೆಗೆ ಬಂಡವಾಳ ನಾಲ್ಕೇ ಇಂಗ್ಲಿಷ್ ಪದ.

ನಂಬಿಕೆ ಬಾರದಿದ್ದರೆ ಮಿನಿಟ್ಸ್ ಪುಸ್ತಕ ತೆರೆಯಬಹುದು. ಏಪ್ರಿಲ್‌ನಲ್ಲಿ ಬೆಂಚು 'ಪೋಸ್ಟ್‌ಪೋನ್'. ಆದರೆ ಪೋಸ್ಟ್‌ಪೋನ್ ಎಂದಮೇಲೆ ಯಾವತ್ತಿಗೆ ಎಂದು ಯಾರಾದರೂ ಕೇಳುತ್ತಾರೆ. ಹಾಗಾಗಿ ಆ ಪದ ಮತ್ತೆ ತಲೆ ಹಾಕುವುದಿಲ್ಲ. ಜೂನ್‌ನಲ್ಲಿ 'ಡಿಲೇ': ತಪ್ಪು ಮಳೆಯದು, ಮೇಸ್ತ್ರಿಯದು. ಆಗಸ್ಟ್‌ನಲ್ಲಿ 'ಅಡ್ಜರ್ನ್': ಅದು ಸೇರಿದ ಸಭೆಗೆ ಸಲ್ಲುವ ಮಾತು, ಕೋರಂ ಇಲ್ಲದ್ದರಿಂದ ತಪ್ಪು ಬಾರದವರದು. ಅಕ್ಟೋಬರ್‌ನಲ್ಲಿ 'ಡಿಫರ್': ಇಲ್ಲಿ ತಪ್ಪೇ ಇಲ್ಲ, ಸಮಿತಿ ಆಳವಾಗಿ ಯೋಚಿಸುತ್ತಿದೆ. ಬೆಂಚಿಗೆ ನಾಲ್ಕೂ ಒಂದೇ. ವ್ಯತ್ಯಾಸವಿರುವುದು ಹೊಣೆ ಯಾರ ತಲೆಗೆ ಎಂಬುದರಲ್ಲಿ. ಲ್ಯಾಟಿನ್‌ನ 'ನಾಳೆ'ಯನ್ನು ಹೊಟ್ಟೆಯಲ್ಲಿಟ್ಟುಕೊಂಡ ಐದನೆಯ ಪದವೊಂದಿದೆ, 'ಪ್ರೊಕ್ರಾಸ್ಟಿನೇಟ್'. ಮಾಡಬೇಕಾದವನೇ ಮಾಡಲಿಲ್ಲ ಎಂದು ಬೆರಳು ತೋರಿಸುವುದು ಅದೊಂದೇ. ಅದು ಯಾವ ಮಿನಿಟ್ಸ್‌ನಲ್ಲೂ ಕಾಣದು. ಇನ್ನು ನಮ್ಮವರು ರೂಢಿಗೆ ತಂದ 'ಪ್ರೀಪೋನ್' ಕಾರ್ಯದರ್ಶಿಗಳ ಬಾಯಲ್ಲಿ ಬರುವುದು ಸಭೆಯ ಕೊನೆಯ ಉಪ್ಪಿಟ್ಟು-ಕಾಫಿಯ ವಿಷಯದಲ್ಲಿ ಮಾತ್ರ.

ಆತುರ ಒಳ್ಳೆಯದಲ್ಲ, ಮೂರು ಕೊಟೇಶನ್ ಬೇಡವೇ, ಆಡಿಟ್‌ನವರು ಬಿಟ್ಟಾರೆಯೇ ಎಂದು ಅವರ ಪರವಾಗಿ ವಾದಿಸಬಹುದು. ವಾದ ಸರಿ, ಎಲ್ಲ ತಡವೂ ಕಳ್ಳಾಟವಲ್ಲ. ಆದರೆ ತಡಕ್ಕೇ ಹೆಸರಾದ ಕೋರ್ಟಿನ ನಿಯಮವನ್ನೇ ನೋಡಿ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶದ ಪ್ರಕಾರ ವಾಯಿದೆ ಕೊಡಬೇಕಾದರೆ ಕಾರಣ ಬರೆದಿಡಬೇಕು, ಮುಂದಿನ ದಿನ ಗೊತ್ತುಮಾಡಬೇಕು, ಖರ್ಚಿನ ಬಗ್ಗೆಯೂ ಆದೇಶ ಮಾಡಬೇಕು. ವಿಚಾರಣೆಯಲ್ಲಿ ಒಬ್ಬ ಕಕ್ಷಿದಾರನಿಗೆ ಮೂರಕ್ಕಿಂತ ಹೆಚ್ಚು ವಾಯಿದೆ ಇಲ್ಲ. ಅಲ್ಲೇನು ಅದು ಪಾಲನೆಯಾಗುತ್ತದೆಯೇ ಎಂದು ನಗಬೇಡಿ. ಮುರಿಯುವುದಕ್ಕಾದರೂ ಅಲ್ಲೊಂದು ನಿಯಮವಿದೆ. ಬೆಂಚಿನ ವಿಷಯದಲ್ಲಿ ಕಾರಣವುಂಟು, ಅದೂ ತಿಂಗಳಿಗೊಂದು. ದಿನಾಂಕ ಮಾತ್ರ ಇಲ್ಲ. ದಿನಾಂಕವಿಲ್ಲದ ಮುಂದೂಡಿಕೆಗೆ ನಿರಾಕರಣೆ ಎಂದೇ ಹೆಸರು, ಮರ್ಯಾದೆಯಿಂದ ಹೇಳಿದ್ದು ಅಷ್ಟೆ.

ಪಾಪ, ಸಂಬಳವಿಲ್ಲದ ಸೇವೆ, ಬೈಯುವುದೇಕೆ ಎಂಬುದು ಇನ್ನೊಂದು ಆಕ್ಷೇಪ. ಸಂಬಳವಿಲ್ಲದವರು 'ನನ್ನಿಂದ ಆಗಲಿಲ್ಲ' ಎಂದು ಧೈರ್ಯವಾಗಿ ಬರೆಯಬಹುದು. ಅವರಿಗೆ ಇಂಕ್ರಿಮೆಂಟ್ ತಪ್ಪುವ ಭಯವಿಲ್ಲ. ಹಾಗೆ ಬರೆಯದಿರುವುದಕ್ಕೆ ಅವರೊಬ್ಬರೇ ಕಾರಣರೂ ಅಲ್ಲ. ವಾರ್ಷಿಕ ಸಭೆಯಲ್ಲಿ ಹೊಸ ಕಾರ್ಯದರ್ಶಿಯ ಆಯ್ಕೆ ಎಂದೊಡನೆ ಸದಸ್ಯರೆಲ್ಲ ಮೊಬೈಲ್ ನೋಡತೊಡಗುತ್ತಾರೆ. ಆ ವಿಷಯವನ್ನು 'ಡಿಫರ್' ಮಾಡೋಣವೆಂದು ಸೂಚಿಸುವವರು ಕಾರ್ಯದರ್ಶಿಗಳಲ್ಲ, ಬೆಂಚು ಮುರಿದಿದೆಯೆಂದು ದೂರು ಕೊಟ್ಟವರೇ.